ಒಂದು ತಾಸು ಮುಂದಿರುವ ಭಾವ

ಮಗಳ ಮದುವೆಯಲ್ಲಿ ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೋಮದ ಹೊಗೆಗೆ ಮದುವೆ ಹಾಲ್‌ನ ಅಲಾರಾಂ ಹೊಡೆದುಕೊಂಡು, ಛಾವಣಿಯಿಂದ ನೀರು ಸುರಿದು, ಧಾರೆಗೆ ಮುಂಚೆಯೇ ವಧೂವರರಿಗೆ ಅಭಿಷೇಕವಾಗಬಹುದಿತ್ತು. ಟೆಕ್ಸಸ್ಸಿನ ವಸಂತವಲ್ಲವೇ? ಬೆಳಿಗ್ಗೆ ಬಿಸಿಲು ಕಾದು, ತಿಂಡಿಯ ಹೊತ್ತಿಗೆ ಆಲಿಕಲ್ಲು ಬಿದ್ದು, ಮುಹೂರ್ತಕ್ಕೆ ಸರಿಯಾಗಿ ಸುಂಟರಗಾಳಿಯ ಸೈರನ್ ಮೊಳಗಿ, ಎರಡೂ ಕಡೆಯ ಬೀಗರು ಒಂದೇ ಬಾತ್‌ರೂಮಿನಲ್ಲಿ ಅಡಗಿ ಕೂರಬೇಕಾಗಬಹುದಿತ್ತು. ತಾಳಿಯನ್ನು ನಾನು ಡಾಲಸ್ ಪಕ್ಕದ ಫ್ಲವರ್ ಮೌಂಡಿನ ನಮ್ಮ ಮನೆಯ ಫ್ರಿಜ್ಜಿನಲ್ಲಿ, ಮಲ್ಲಿಗೆ ದಂಡೆಯ ಡಬ್ಬಿಯ ಕೆಳಗೆ, ಮರೆತು ಬರಬಹುದಿತ್ತು. (ಭದ್ರವಾಗಿರಲಿ ಎಂದು ಅಲ್ಲಿಟ್ಟವನೂ ನಾನೇ!) ಅಡುಗೆಯವರ ವ್ಯಾನು ಮದುವೆಯ ಊರಾದ ಆಸ್ಟಿನ್ನನ್ನು ದಾಟಿ ಸ್ಯಾನ್ ಆಂಟೋನಿಯೊ ಸೇರಿ, ಅಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ನಮ್ಮ ಬಿಸಿಬೇಳೆಬಾತ್ ಬಡಿಸಬಹುದಿತ್ತು. ಪುರೋಹಿತರ ಗಂಟಲು ಕಟ್ಟಬಹುದಿತ್ತು. ಅಳಿಯ ಮನಸ್ಸು ಬದಲಾಯಿಸಬಹುದಿತ್ತು. ಇದಾವುದೂ ಆಗದೆ ಎಲ್ಲವೂ ಸರಿಹೋದರೆ? ಅದು ಇನ್ನೂ ದೊಡ್ಡ ದಿಗಿಲು. ನನ್ನ ಅನುಭವದಲ್ಲಿ ಎಲ್ಲ ಸರಿಯಾಗಿದೆ ಎಂದರೆ ನಾನು ಏನನ್ನೋ ನೋಡಿಲ್ಲ ಎಂದೇ ಅರ್ಥ.

ಆದರೆ ಇವೆಲ್ಲ ಚಿಲ್ಲರೆ ಭಯಗಳು. ಸಗಟು ಭಯ ಒಂದೇ: ನಮ್ಮ ಭಾವ.

ನಮ್ಮ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಟೆಕ್ಸಸ್ಸಿನಲ್ಲಿ ಇದ್ದಾರೆ ಎಂಬುದೇ ಒಂದು ವದಂತಿ. ಮನೆಯೇನೋ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿದೆ. ಅಲ್ಲಿನ ಸೆಕೆಗೆ ಎಲ್ಲರಂತೆ ಬೆವರುತ್ತಾರೆ, ಅಲ್ಲಿನ ಸೊಳ್ಳೆಗಳಿಗೆ ಎಲ್ಲರಂತೆ ರಕ್ತ ಕೊಡುತ್ತಾರೆ. ಆದರೆ ಅವರು ಬದುಕುವುದು ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನಲ್ಲಿ. ಅದೂ ಇವತ್ತಿನ ಬಾಸೆಲ್ ಅಲ್ಲ, ಮುನ್ನೂರು ವರ್ಷ ಹಿಂದಿನದು! ಹುಬ್ಬಳ್ಳಿಯಲ್ಲಿ ಹುಟ್ಟಿ, ಬಣ್ಣಗಳ ರಸಾಯನಶಾಸ್ತ್ರ ಓದಿ, ಹರೆಯದ ಕೆಲವು ವರ್ಷ ಬಾಸೆಲ್‌ನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಿ, ಆಮೇಲೆ ಹ್ಯೂಸ್ಟನ್ನಿಗೆ ಬಂದವರು. ಸ್ವಿಟ್ಜರ್ಲೆಂಡಿಗೆ ಹೋದವರು ಸಾಮಾನ್ಯವಾಗಿ ಚಾಕಲೇಟು ತರುತ್ತಾರೆ, ಇಲ್ಲವೇ ಹಿಮದಲ್ಲಿ ಸೀರೆ ಉಟ್ಟು ನಿಂತ ಫೋಟೋ ತರುತ್ತಾರೆ. ಇವರು ಆ ಊರಿನ ಪೂರ್ವಜರನ್ನೇ ಹೊತ್ತು ತಂದರು.

ಆ ಪೂರ್ವಜರ ಹೆಸರುಗಳನ್ನು ಮಾತ್ರ ನಾನಿಲ್ಲಿ ಹೇಳಲಾರೆ. ಭಾವನ ಬಾಯಿಂದ ಕೇಳಿದ್ದರೆ ತಾನೇ ಹೇಳುವುದು? ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ.

"ಹಿರ್‍ಯಾರ ಹೆಸರು ಹಿಡದು ಕರೀತಾರೇನ್ರಿ ರಾಯರ?" ಎಂದರು, ನಾನೇನೋ ಚಪ್ಪಲಿ ಹಾಕಿಕೊಂಡು ದೇವರ ಮನೆಗೆ ನುಗ್ಗಿದಂತೆ.

ಹಾಗಾಗಿ ಬಾಸೆಲ್‌ನಲ್ಲಿ ಹುಟ್ಟಿ ಜಗತ್ತಿಗೆಲ್ಲ ಗಣಿತ ಕಲಿಸಿದ ಮಹಾನುಭಾವರು ನಮ್ಮ ಮನೆಯಲ್ಲಿ ಬರೀ 'ಲೆಕ್ಕದಜ್ಜ'. ಈ ಅಜ್ಜನಿಗೆ ಒಂದು ಕಣ್ಣು ಹೋಯಿತಂತೆ, ಆಮೇಲೆ ಇನ್ನೊಂದೂ ಹೋಯಿತಂತೆ. ಇನ್ನು ಮೇಲೆ ಗಮನ ಆಚೀಚೆ ಹರಿಯುವುದಿಲ್ಲ ಎಂದುಕೊಂಡು ಮುಂಚಿಗಿಂತ ಹೆಚ್ಚು ಲೆಕ್ಕ ಮಾಡಿದರಂತೆ. ಆ ಊರಿನ ನಗರವೈದ್ಯರಾಗಿ ಬಂದು, ಹಳೆಯ ಆಚಾರ್ಯರ ಗ್ರಂಥವನ್ನು ಎಲ್ಲರೆದುರು ಬೆಂಕಿಗೆ ಹಾಕಿ, ಊರನ್ನೇ ಎದುರು ಹಾಕಿಕೊಂಡು ಹೊರಟುಹೋದವರು 'ಡಾಕ್ಟರ್ ಮಾಮಾ'. ಭಾವನ ಹೃದಯದ ಡಾಕ್ಟರು ಉಪ್ಪು ಬಿಡಿ ಎಂದಾಗಲೆಲ್ಲ ಇವರು, "ನಮ್ಮ ಡಾಕ್ಟರ್ ಮಾಮಾ ಇದ್ದಿದ್ರ ನಿಮ್ಮ ಪುಸ್ತಕಕ್ಕ ಕಡ್ಡಿ ಗೀರತಿದ್ದ" ಎಂದು ಗೊಣಗಿ, ಮನೆಗೆ ಬಂದು ಉಪ್ಪಿನಕಾಯಿ ತಿನ್ನುತ್ತಾರೆ. ಒಮ್ಮೆ ಅವರ ಮನೆಗೆ ಊಟಕ್ಕೆ ಬಂದಿದ್ದ ಮೈಸೂರಿನ ಹುಡುಗನೊಬ್ಬ ಲೆಕ್ಕದಜ್ಜನ ಕಥೆಯನ್ನು ಮುಖ ಸಣ್ಣದು ಮಾಡಿಕೊಂಡು ಕೇಳಿ, "ಅಯ್ಯೋ ಪಾಪ, ಯಾವಾಗ ಹೋದ್ರು ಅಂಕಲ್?" ಎಂದ.

"ಭಾಳ ದಿನ ಆತೋ ತಮ್ಮಾ," ಎಂದರು ಭಾವ, ಹಪ್ಪಳ ಮುರಿಯುತ್ತ. "ಹತ್ರ ಹತ್ರ ಎರಡೂವರೆ ಶತಮಾನ."

ಆ ಹುಡುಗ ಆಮೇಲೆ ಆಸ್ಟಿನ್ನಿಗೆ ಶಿಫ್ಟ್ ಆದ. ಕಾರಣ ಇದೇ ಎಂದು ನಾನು ಹೇಳುವುದಿಲ್ಲ.

ಇದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಗಡಿಯಾರ! ಹಳೆಯ ಕಾಲದಲ್ಲಿ ಬಾಸೆಲ್ ಊರಿನ ಗಡಿಯಾರಗಳು ಸುತ್ತಮುತ್ತಲ ಊರುಗಳಿಗಿಂತ ಒಂದು ಗಂಟೆ ಮುಂದಿದ್ದವಂತೆ. ಪಕ್ಕದ ಹಳ್ಳಿಯಲ್ಲಿ ಹನ್ನೊಂದಾದರೆ ಇಲ್ಲಿ ಹನ್ನೆರಡು. ಯಾಕೆ ಎಂದರೆ ಭಾವ ಒಂದು ಕಥೆ ಹೇಳುತ್ತಾರೆ. ಹಗೆಗಳು ಊರ ಹೊರಗೆ ಹೊಂಚಿದ್ದರಂತೆ. ಗಂಟೆ ಹನ್ನೆರಡು ಹೊಡೆದಾಗ ಒಳಗಿನ ದ್ರೋಹಿಗಳು ಬಾಗಿಲು ತೆಗೆಯಬೇಕೆಂದು ಮಾತಾಗಿತ್ತಂತೆ. ಕಾವಲಿನವನಿಗೆ ಹೇಗೋ ತಿಳಿದು, ಅವನು ಗಡಿಯಾರವನ್ನು ಒಂದು ತಾಸು ಮುಂದೆ ತಿರುಗಿಸಿ, ಹನ್ನೆರಡು ಹೊಡೆಯಬೇಕಾದಲ್ಲಿ ಒಂದು ಹೊಡೆಸಿಬಿಟ್ಟನಂತೆ. ಹೊತ್ತು ಮೀರಿತೆಂದು ಹಗೆಗಳು ಗಲಿಬಿಲಿಗೊಂಡು ಹೊರಟುಹೋದರಂತೆ. ಊರು ಉಳಿಯಿತಂತೆ. "ಖರೇನೋ ಸುಳ್ಳೋ ದೇವರಿಗೆ ಗೊತ್ತು. ಆದ್ರ ಒಂದು ತಾಸಿನ ಬೆಲೆ ಅದ ನೋಡ್ರಿ" ಎಂದು ಪ್ರತಿಸಲವೂ ಕೊನೆಗೆ ಸೇರಿಸುತ್ತಾರೆ.

ಕಥೆ ಚೆನ್ನಾಗಿದೆ. ಆದರೆ ಅದಕ್ಕಾಗಿ ಕೇಟಿಯ ಮನೆಯ ಎಲ್ಲ ಗಡಿಯಾರ, ಕೈಗಡಿಯಾರ, ಕೊನೆಗೆ ಮೈಕ್ರೋವೇವ್ ಕೂಡ ಒಂದು ಗಂಟೆ ಮುಂದೆ ಓಡಬೇಕೇ? ಒಂದು ಗಂಟೆಗೆ ಊಟಕ್ಕೆ ಬನ್ನಿ ಎಂದು ಕರೆಯುತ್ತಾರೆ. ಸರಿಯಾಗಿ ಒಂದಕ್ಕೆ ಹೋದರೆ ಭಾವ ಎಲೆ ಅಡಿಕೆ ಹಾಕಿಕೊಂಡು ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ! ವಿಮಾನ ನಿಲ್ದಾಣಕ್ಕೆ ನಾನು ಮೂರು ಗಂಟೆ ಮುಂಚೆ ಹೋಗುವವನು, ಟಯರ್ ಪಂಕ್ಚರ್ ಆದರೆ ಎಂದು ಇನ್ನೂ ಅರ್ಧ ಗಂಟೆ ಸೇರಿಸುವವನು. ಅಂಥ ನಾನು ಜಗತ್ತಿನಲ್ಲಿ ತಡವಾಗಿ ತಲುಪುವ ಮನೆ ಇದೊಂದೇ. ಮಾರ್ಚ್ ತಿಂಗಳಲ್ಲಿ ಇಡೀ ಅಮೆರಿಕ ಗಡಿಯಾರವನ್ನು ಒಂದು ಗಂಟೆ ಮುಂದೆ ಹಾಕುತ್ತದಲ್ಲ, ಆಗ ಭಾವ ಒಂದು ದಿನದ ಮಟ್ಟಿಗೆ ಪರಮಸಂತೋಷದಲ್ಲಿರುತ್ತಾರೆ. "ನೋಡ್ರಿ, ಕಡೀಕೂ ಅಮೆರಿಕಾಕ್ಕ ಬುದ್ಧಿ ಬಂತು!" ಮಾರನೆಯ ದಿನ ತಮ್ಮ ಗಡಿಯಾರಗಳನ್ನು ಇನ್ನೊಂದು ಗಂಟೆ ಮುಂದೆ ಹಾಕುತ್ತಾರೆ.

ಇನ್ನು ನಾಲಿಗೆಯ ವಿಷಯ. ಬಾಸೆಲ್‌ನ ನಡುವೆ ಹೊಳೆ ಹರಿಯುತ್ತದೆ. ಈ ದಡದವರು ಹಿಂದೆ ಸೇತುವೆಯ ಬಾಗಿಲಿಗೆ ಕಿರೀಟ ತೊಟ್ಟ ಒಂದು ತಲೆಯನ್ನು ಕೂರಿಸಿದ್ದರಂತೆ. ಒಳಗೆ ಗಡಿಯಾರದ ಯಂತ್ರ, ಹೊರಗೆ ಉದ್ದನೆಯ ನಾಲಿಗೆ! ಅದು ಹೊತ್ತುಹೊತ್ತಿಗೂ ಆಚೆ ದಡದವರಿಗೆ ನಾಲಿಗೆ ಚಾಚಿ ಅಣಕಿಸುತ್ತಿತ್ತಂತೆ. ಆಚೆ ದಡದವರೇನು ಕಡಮೆಯೇ? ಅವರು ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ತೆಪ್ಪದ ಮೇಲೆ ಒಬ್ಬ ಕಾಡುಮನುಷ್ಯನ ವೇಷದವನನ್ನು ಕುಣಿಸಿಕೊಂಡು ಬರುತ್ತಾರೆ. ಅವನು ಕುಣಿಯುವಷ್ಟು ಹೊತ್ತೂ ಈ ದಡಕ್ಕೆ ಬೆನ್ನನ್ನೇ ತೋರಿಸುತ್ತಾನೆ, ಮುಖ ತಪ್ಪಿಯೂ ತೋರಿಸುವುದಿಲ್ಲ.

ಇದನ್ನು ಕೇಳಿದ ಸಾಮಾನ್ಯ ಮನುಷ್ಯರು ನಕ್ಕು ಸುಮ್ಮನಾಗುತ್ತಾರೆ. ನಮ್ಮ ಭಾವ ಏನು ಮಾಡಿದರು? ಹೊಸಮನೆಗೆ ಕಟ್ಟುವ ದೃಷ್ಟಿ ಬೊಂಬೆ ಗೊತ್ತಲ್ಲ, ಗಿರಿಜಾ ಮೀಸೆ, ಕೋರೆಹಲ್ಲು, ಚಾಚಿದ ಕೆಂಪು ನಾಲಿಗೆ, ಅಂಥದೊಂದನ್ನು ಊರಿನಿಂದ ತರಿಸಿದರು. ನಾಲಿಗೆ ಕತ್ತರಿಸಿ, ಹಳೆಯ ಕಾರಿನ ವೈಪರ್ ಮೋಟಾರಿಗೆ ಜೋಡಿಸಿ, ಹಿತ್ತಲಿನ ಬೇಲಿಗೆ ಉತ್ತರಾಭಿಮುಖವಾಗಿ ಕೂರಿಸಿದರು. ಅಂದಿನಿಂದ ಕೇಟಿಯ ಆ ರಾಕ್ಷಸ ಉತ್ತರ ದಿಕ್ಕಿಗೆ ನಾಲಿಗೆ ಹಾಕುತ್ತ, ಎಳೆದುಕೊಳ್ಳುತ್ತ ಇದ್ದಾನೆ. ಬಡಾವಣೆಯ ಸಂಘದವರು ಬಂದು, ಇದು ಧಾರ್ಮಿಕ ವಸ್ತುವೋ ಅಲಂಕಾರವೋ ಎಂದು ವಿಚಾರಿಸಿದರು. ಭಾವ ಇಂಗ್ಲಿಷಿನಲ್ಲಿ ಗಂಭೀರವಾಗಿ ಉತ್ತರಿಸಿದರು: "ಅರ್ಧ ಹಿಂದೂ, ಅರ್ಧ ಸ್ವಿಸ್." ಆ ಉತ್ತರಕ್ಕೆ ಅವರ ನಿಯಮಾವಳಿಯಲ್ಲಿ ಕಲಂ ಇರಲಿಲ್ಲ.

ಉತ್ತರಕ್ಕೇ ಯಾಕೆ? ಉತ್ತರಕ್ಕೆ ಡಾಲಸ್ ಇದೆ. ಡಾಲಸ್ಸಿನ ಪಕ್ಕ ಸೌತ್‌ಲೇಕ್ ಇದೆ. ಸೌತ್‌ಲೇಕ್‌ನಲ್ಲಿ ತಮ್ಮ ಇದ್ದಾನೆ.

ಇಲ್ಲಿಗೆ ನಗೆ ಸ್ವಲ್ಪ ನಿಲ್ಲಬೇಕು. ನನ್ನ ಹೆಂಡತಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ನಡುವೆ ಇವಳು. ತಮ್ಮನಿಗೂ ಅಣ್ಣನಿಗೂ ವಯಸ್ಸಿನ ಅಂತರ ಹೆಚ್ಚು. ಭಾವ ಬಾಸೆಲ್‌ನಿಂದ ರಜಕ್ಕೆ ಬಂದಾಗಲೆಲ್ಲ ತಮ್ಮನನ್ನು ತೊಡೆಗೆ ಆನಿಸಿಕೊಂಡು ಬೀಜಗಣಿತ ಹೇಳಿಕೊಟ್ಟು, ಒಂದು ಲೆಕ್ಕ ಸರಿಯಾದರೆ ಬಾಸೆಲ್‌ನ ಒಂದು ಕಥೆ ಎಂದು ಲಂಚ ಕೊಡುತ್ತಿದ್ದರಂತೆ. ಅದರಲ್ಲಿ ತಮ್ಮನಿಗೆ ಬಲು ಇಷ್ಟವಾದದ್ದು ದೊಡ್ಡಪ್ಪ ಮತ್ತು ಕಾಕಾನ ಕಥೆ. ಇವರೂ ಬಾಸೆಲ್‌ನ ಗಣಿತದ ಮನೆತನದವರೇ, ಅಣ್ಣತಮ್ಮಂದಿರು. ಅಣ್ಣ ತಮ್ಮನಿಗೆ ಲೆಕ್ಕ ಕಲಿಸಿದ. ತಮ್ಮ ಅಣ್ಣನಷ್ಟೇ ಜಾಣನಾದ. ಆಮೇಲೆ ಇಬ್ಬರೂ ಒಬ್ಬರಿಗೊಬ್ಬರು ಕಠಿಣ ಲೆಕ್ಕಗಳನ್ನು ಸವಾಲಾಗಿ ಎಸೆದುಕೊಂಡು, ಲೋಕವೆಲ್ಲ ನೋಡುವಂತೆ ಅಚ್ಚಿನಲ್ಲಿ ಬೈದಾಡಿಕೊಂಡರು. ಅಣ್ಣನಿಗೆ ಒಂದು ಸುರುಳಿಯ ಮೇಲೆ ಪ್ರೀತಿ. ಶಂಖದ ಸುರುಳಿಯಂಥದ್ದು, ಬೆಳೆಬೆಳೆಯುತ್ತ ಅಗಲವಾದರೂ ಆಕಾರ ಮಾತ್ರ ಬದಲಾಗದ್ದು. ತನ್ನ ಸಮಾಧಿಕಲ್ಲಿನ ಮೇಲೆ ಅದನ್ನೇ ಕೆತ್ತಿ ಎಂದು ಹೇಳಿ ಹೋದ. ಕಲ್ಲುಕುಟಿಕ ಏನು ಕೆತ್ತಿದ? ಸುತ್ತಿನಿಂದ ಸುತ್ತಿಗೆ ಒಂದೇ ಅಂತರವಿರುವ ಬೇರೆಯದೇ ಸುರುಳಿ! ಈಗಲೂ ಅಲ್ಲಿನ ದೊಡ್ಡ ಇಗರ್ಜಿಯಲ್ಲಿ ಆ ತಪ್ಪು ಕಲ್ಲು ಇದೆ.

"ಪಾಪ, ಶಂಖ ಕೇಳಿದ್ರ ಚಕ್ಕಲಿ ಕೊಟ್ಟು ಕಳಿಸಿದ್ರು," ಎನ್ನುತ್ತಾರೆ ಭಾವ. ಈ ಕಥೆಗೆ ಅವರು ನಗುವುದಿಲ್ಲ.

ಅಣ್ಣತಮ್ಮಂದಿರ ಜಗಳದ ಕಥೆಯನ್ನು ಇಷ್ಟು ಪ್ರೀತಿಯಿಂದ ಹೇಳಿದ್ದೇ ಅಪಶಕುನವಾಯಿತೋ ಏನೋ. (ನೋಡಿ, ನನ್ನ ಬುದ್ಧಿ ಹೋಗುವುದೇ ಅಲ್ಲಿಗೆ.) ಕೆಲವು ವರ್ಷಗಳ ಹಿಂದೆ ನಮ್ಮ ಅತ್ತೆ ಕೇಟಿಯಲ್ಲಿ ದೊಡ್ಡ ಮಗನ ಮನೆಯಲ್ಲಿದ್ದಾಗ ಒಂದು ಬೆಳಿಗ್ಗೆ ಎದೆನೋವು ಬಂದು ಹೋಗಿಬಿಟ್ಟರು. ಇಲ್ಲಿ ಚಿತಾಗಾರದಲ್ಲಿಯೂ ಹೊತ್ತನ್ನು ಬುಕ್ ಮಾಡಬೇಕು. ನಿಮ್ಮ ಸ್ಲಾಟ್ ಇಷ್ಟರಿಂದ ಇಷ್ಟು ಎಂದು ಹೇಳುತ್ತಾರೆ. ಬೆಂಕಿ ಇಡುವುದು ಎಂದರೆ ಒಂದು ಗುಂಡಿ ಒತ್ತುವುದು. ಡಾಲಸ್ಸಿನಿಂದ ಹೊರಟ ತಮ್ಮನ ಕಾರು ಹೆದ್ದಾರಿಯಲ್ಲಿ ಮಗುಚಿದ್ದ ಟ್ರಕ್ಕೊಂದರ ಹಿಂದೆ ಸಿಕ್ಕಿಕೊಂಡಿತು. ಫೋನಿನ ಮೇಲೆ ಫೋನು. ಸ್ಲಾಟ್ ಮುಗಿಯುತ್ತ ಬಂತು. ಹಿಂದೆ ಇನ್ನೊಂದು ಕುಟುಂಬ ತಮ್ಮವರನ್ನು ಮುಂದಿಟ್ಟುಕೊಂಡು ನಿಂತಿತ್ತು. ಭಾವ ಗುಂಡಿ ಒತ್ತಿದರು. ತಮ್ಮ ಬಂದದ್ದು ಆಮೇಲೆ. ತಾಯಿಯ ಮುಖ ನೋಡಲಾಗಲಿಲ್ಲ.

"ಒಂದು ತಾಸು, ಅಣ್ಣಾ," ಎಂದ ಅವನು, ಪಾರ್ಕಿಂಗ್ ಲಾಟಿನಲ್ಲಿ ನಿಂತು. "ಒಂದು ತಾಸು ಕಾಯಲಿಲ್ಲ ನೀ."

ಅವರಿಬ್ಬರ ನಡುವೆ ಅದೇ ಕೊನೆಯ ಮಾತು.

ಆ ಮೇಲೆ ಬೇಲಿಯ ಮೇಲೆ ನಾಲಿಗೆ ಬಂತು. ಅದರ ವಿಡಿಯೋ ಹೇಗೋ ಫೋನಿನಿಂದ ಫೋನಿಗೆ ಹಾರಿ ಸೌತ್‌ಲೇಕ್ ತಲುಪಿತು. ಮುಂದಿನ ಸಲ ನಾವು ಅಲ್ಲಿಗೆ ಹೋದಾಗ ನೋಡುತ್ತೇನೆ, ಹಿತ್ತಲಿನಲ್ಲಿದ್ದ ಅಷ್ಟೂ ಕುರ್ಚಿಗಳು ದಕ್ಷಿಣಕ್ಕೆ, ಅಂದರೆ ಹ್ಯೂಸ್ಟನ್ನಿಗೆ, ಬೆನ್ನು ಮಾಡಿಕೊಂಡು ಸಾಲಾಗಿ ಕೂತಿವೆ! ಹಾಗೆ ಕೂತರೆ ಎದುರಿಗೆ ಪಕ್ಕದ ಮನೆಯವರ ಕಸದ ಡಬ್ಬಿ ಬಿಟ್ಟು ಬೇರೇನೂ ಕಾಣುವುದಿಲ್ಲ.

"ಜಗಳಾನೂ ಒಂದೇ ಊರಿನ ಕಥೀಯೊಳಗ ಆಡ್ತಾರಲ್ರಿ ಇಬ್ಬರೂ," ಎಂದಳು ನನ್ನ ಹೆಂಡತಿ, ವಾಪಸು ಬರುವಾಗ ಕಾರಿನಲ್ಲಿ. ನಗುತ್ತಿದ್ದಾಳೆಂದುಕೊಂಡು ತಿರುಗಿ ನೋಡಿದೆ. ನಗುತ್ತಿರಲಿಲ್ಲ.

ಹೀಗಿರುವಾಗ ಮಗಳ ಮದುವೆ ಬಂತು. ವಧುವನ್ನು ಸೋದರಮಾವ ಕೈಹಿಡಿದು ಮಂಟಪಕ್ಕೆ ಕರೆತರಬೇಕು. ಅದು ನಮ್ಮ ಪದ್ಧತಿ, ಯಾವ ದೇಶದಲ್ಲಿದ್ದರೂ. ಸೋದರಮಾವಂದಿರು ಇಬ್ಬರು. ಯಾರು ಕರೆತರಬೇಕು? ನಾನು ಒಂದು ಉಪಾಯ ಹೂಡಿ, ದೊಡ್ಡವರು ಮಂಟಪಕ್ಕೆ ಕರೆತರಲಿ, ಚಿಕ್ಕವನು ಆರತಕ್ಷತೆಗೆ ಕರೆತರಲಿ ಎಂದೆ. ಮಗಳು ಕನ್ನಡ ಪೂರ್ತಿ ಅರ್ಥ ಮಾಡಿಕೊಂಡು ಪೂರ್ತಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು.

"ನೋ, ಅಪ್ಪಾ. ಬೋತ್ ಮಾಮಾಸ್. ಒನ್ ಹ್ಯಾಂಡ್ ಈಚ್."

"ಅವರಿಬ್ಬರೂ ಮಾತಾಡಲ್ಲಮ್ಮ."

"ದೇ ಡೋಂಟ್ ಹ್ಯಾವ್ ಟು ಟಾಕ್. ದೇ ಹ್ಯಾವ್ ಟು ವಾಕ್. ಇಲ್ಲಾಂದ್ರೆ ನಾನು ಮಂಟಪಕ್ಕೆ ಬರಲ್ಲ."

ಕೊನೆಯ ವಾಕ್ಯವನ್ನು ಕನ್ನಡದಲ್ಲಿ ಹೇಳಿದಳೆಂದರೆ ಮುಗಿಯಿತು, ಅದು ಸುಪ್ರೀಂ ಕೋರ್ಟು.

ಅವಳೇ ಎರಡೂ ಮನೆಗೆ ಡ್ರೈವ್ ಮಾಡಿಕೊಂಡು ಹೋಗಿ ಅಕ್ಷತೆ ಕೊಟ್ಟು ಕರೆದಳು. ಚಿಕ್ಕವನು, "ನಿನ್ನ ಸಲುವಾಗಿ ಬರ್ತೀನಿ. ಹಿಂದಿನ ದಿನ ಅಲ್ಲಿ ಉಳಿಯೋದಿಲ್ಲ. ಬೆಳಿಗ್ಗೆ ಬಂದು, ನಿನ್ನ ಕರ್ಕೊಂಡು ಹೋಗಿ ನಿಲ್ಲಿಸಿ, ಹೊಂಟೆ," ಎಂದನಂತೆ. ದೊಡ್ಡವರು, "ಅವ ಬರಲಿ. ಹಾದೀ ಮ್ಯಾಲ ಹುಷಾರಿ ಅಂತ ಹೇಳು," ಎಂದರಂತೆ. ಆಮೇಲೆ ನನಗೆ ಫೋನ್ ಮಾಡಿ, "ರಾಯರ, ಮುಹೂರ್ತ ತಗಸೋದು ನನಗ ಬಿಡ್ರಿ. ನಮ್ಮ ಶಾಸ್ತ್ರಿಗಳ ಕಡಿಂದ ತಗಸ್ತೀನಿ," ಎಂದರು. ಒಂದು ಕೆಲಸವಾದರೂ ಇಳಿಯಿತಲ್ಲ ಎಂದು ಒಪ್ಪಿಕೊಂಡೆ. ಆ ಮದುವೆ ಹಾಲ್‌ನ ಹೊಗೆ ಅಲಾರಾಮಿನ ಮಾಡೆಲ್ ನಂಬರ್ ತನಕ ವಿಚಾರಿಸಿದ ನಾನು, ಮುಹೂರ್ತವನ್ನು ಮಾತ್ರ ಇನ್ನೊಬ್ಬರ ಹತ್ತಿರ ಕೇಳಲಿಲ್ಲ. ಮುಹೂರ್ತವನ್ನು ಯಾರಾದರೂ ಅನುಮಾನಿಸುತ್ತಾರೆಯೇ?

ಆಸ್ಟಿನ್ನೇ ಯಾಕೆ ಎಂದರೆ ಅಳಿಯನ ಮನೆ ಅಲ್ಲಿದೆ. ಜೊತೆಗೆ ಅದು ಡಾಲಸ್ಸೂ ಅಲ್ಲ, ಹ್ಯೂಸ್ಟನ್ನೂ ಅಲ್ಲ. ಯಾವ ದಡಕ್ಕೂ ಸೇರದ ತಟಸ್ಥ ಭೂಮಿ. ನಮ್ಮ ಸ್ವಿಟ್ಜರ್ಲೆಂಡ್! ಭಾವ ಹಿಂದಿನ ದಿನವೇ ಬಂದು ಮಂಟಪದ ಉಸ್ತುವಾರಿ ವಹಿಸಿಕೊಂಡರು. ಹೊಸ ಕಾರ್ಪೆಟ್ ಮೇಲೆ ರಂಗೋಲಿ ಪುಡಿ ಚೆಲ್ಲಬಾರದೆಂದು ಮದುವೆ ಹಾಲ್‌ನವರು ಕಟ್ಟುನಿಟ್ಟು ಮಾಡಿದ್ದರಿಂದ ಹೆಂಗಸರು ದೊಡ್ಡದೊಂದು ಹಲಗೆಯ ಮೇಲೆ ರಂಗೋಲಿ ಬಿಡಿಸಿ ಮಂಟಪದ ಮುಂದೆ ಇಡುವುದೆಂದಾಗಿತ್ತು. ಭಾವ ಅವರನ್ನು ಕೂರಿಸಿಕೊಂಡು, ಕೈಯಲ್ಲಿ ಪೂಜೆಯ ಶಂಖ ಹಿಡಿದು, ನಡುವೆ ಇಂಥದೇ ಸುರುಳಿ ಬರಬೇಕು, ಸುತ್ತು ಹೊರಗೆ ಬಂದಂತೆ ಅಗಲವಾಗುತ್ತ ಹೋಗಬೇಕು ಎಂದು ಪಾಠ ಮಾಡಿದರು. ಹೆಂಗಸರು "ಆಯ್ತು ಅಂಕಲ್, ಆಯ್ತು ಅಂಕಲ್" ಎಂದರು. ಎರಡು ಸಲ ಆಯ್ತು ಎಂದಾಗಲೇ ನಾನು ಹೆದರಬೇಕಿತ್ತು. ಆದರೆ ಅಷ್ಟರಲ್ಲಿ ತಾಳಿ ಎಲ್ಲಿದೆ ಎಂದು ನೆನಪಾಗಿ ನನ್ನ ಜೀವ ಫ್ರಿಜ್ಜಿಗೆ ಹಾರಿತ್ತು. (ಹೆಂಡತಿಯ ಚೀಲದಲ್ಲಿತ್ತು. ಅವಳಿಗೆ ನನ್ನ ಗುಣ ಗೊತ್ತು.)

ಮದುವೆಯ ಬೆಳಿಗ್ಗೆ. ಆಕಾಶ ನಿರ್ಮಲ. ಅಡುಗೆಯವರು ಬಂದರು. ಅಳಿಯ ಬಂದ, ಮನಸ್ಸು ಬದಲಾಯಿಸದೆ. ಕಾರ್ಡಿನಲ್ಲಿ ಅಚ್ಚಾದಂತೆ ಮುಹೂರ್ತ ಹತ್ತು ಗಂಟೆಯಿಂದ. ಒಂಬತ್ತೂವರೆಗೆ ಹೆಂಡತಿಗೆ ಫೋನ್ ಬಂತು. ಡಾಲಸ್ಸಿನಿಂದ ಬರುವ ಹೆದ್ದಾರಿಯಲ್ಲಿ, ಟೆಂಪಲ್ ಎಂಬ ಊರಿನ ಹತ್ತಿರ, ಒಂದು ಟ್ರಕ್ ಮಗುಚಿದೆ. ಚಿಕ್ಕವನು ಅದರ ಹಿಂದೆ ಸಿಕ್ಕಿಕೊಂಡಿದ್ದಾನೆ.

ಅವಳು ಫೋನನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು. "ಮತ್ತ ಅದ ಆತಲ್ರಿ," ಎಂದಳು. "ಮತ್ತ ಅದ."

ನಾನು ಜೀವಮಾನವಿಡೀ ಸಾವಿರ ಭಯಗಳನ್ನು ಸಾಕಿದವನು. ಆದರೆ ಅದೇ ಟ್ರಕ್ಕು ಮತ್ತೆ ಮಗುಚಬಹುದೆಂದು ಮಾತ್ರ ಹೊಳೆದಿರಲಿಲ್ಲ. ಹತ್ತಾಯಿತು. ಬೀಗರು ಕೈಗಡಿಯಾರ ನೋಡಿಕೊಂಡರು. ಮಗಳು ಗೌರಿಪೂಜೆ ಮುಗಿಸಿ, ಒಳಕೋಣೆಯಲ್ಲಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹತ್ತೂ ಹತ್ತು. ನಾನು ಬೆವರುತ್ತ ಭಾವನನ್ನು ಹುಡುಕಿಕೊಂಡು ಹೋದರೆ ಅವರು ಬಾಗಿಲಿನ ಎದುರು ಕುರ್ಚಿ ಹಾಕಿಕೊಂಡು, ಪಾರ್ಕಿಂಗ್ ಲಾಟನ್ನೇ ನೋಡುತ್ತ ಅಡಿಕೆ ಜಗಿಯುತ್ತಿದ್ದಾರೆ! ಪಕ್ಕದಲ್ಲಿ ಶಾಸ್ತ್ರಿಗಳು ನೆಮ್ಮದಿಯಾಗಿ ಕೂತಿದ್ದಾರೆ!

"ಭಾವ, ಮುಹೂರ್ತ ಮೀರ್ತಾ ಇದೆ! ನೀವೊಬ್ಬರೇ ಕರ್ಕೊಂಡು ಬಂದುಬಿಡಿ. ಅವಳಿಗೆ ನಾನು ಹೇಳ್ತೀನ..."

"ಕೂಡ್ರಿ ರಾಯರ."

"ಹೇಗೆ ಕೂತ್ಕೊಳ್ಳಲಿ?"

"ಮುಹೂರ್ತ ಹನ್ನೊಂದಕ್ಕ ಅದ. ಕೂಡ್ರಿ."

ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. "ಕಾರ್ಡಿನಲ್ಲಿ ಹತ್ತು ಅಂತ ಇದೆಯಲ್ಲ!"

"ಕಾರ್ಡಿಗೆ ಹೇಳಿದಾಂವ ನಾನ ಅಲ್ಲೇನ್ರಿ? ಹನ್ನೊಂದರಿಂದ ಹನ್ನೊಂದೂವರಿ. ಶಾಸ್ತ್ರಿಗಳನ್ನ ಕೇಳ್ರಿ."

ಶಾಸ್ತ್ರಿಗಳು ನನ್ನ ಕಣ್ಣು ತಪ್ಪಿಸಿ, ತಲೆಯಾಡಿಸಿದರು.

"ಮದುವೆ ಮನೆಗೂ ಬಾಸೆಲ್ ಗಡಿಯಾರ ತಂದ್ರಾ?" ಎಂದು ಕೂಗಿಯೇಬಿಟ್ಟೆ. "ಇಷ್ಟು ಜನರನ್ನ ಒಂದು ಗಂಟೆ ಮುಂಚೆ ಕರೆದು ಕೂರಿಸಿದ್ದೀರಲ್ಲ ಭಾವ!"

"ಮಂದೀಗೇನು, ಇನ್ನೊಂದು ಸಲ ಉಪ್ಪಿಟ್ಟು ಹಾಕ್ಸಿರಿ," ಎಂದರು. ಆಮೇಲೆ ದನಿ ತಗ್ಗಿಸಿ, ಪಾರ್ಕಿಂಗ್ ಲಾಟಿನಿಂದ ಕಣ್ಣು ತೆಗೆಯದೆ, ಹೇಳಿದರು. "ಅವತ್ತ ನನ್ನ ಕೈಯಾಗ ಒಂದು ತಾಸು ಇರಲಿಲ್ಲರಿ. ಹಿಂದ ಮಂದಿ ನಿಂತಿದ್ರು. ಅವರೂ ಅಳ್ಕೋತ ನಿಂತಿದ್ರು. ಏನ ಮಾಡ್ಲಿ, ಒತ್ತಿದೆ. ಮನೀಗೆ ಬಂದು ಸ್ನಾನ ಮಾಡಿದಾಂವ, ಮೊದಲು ಗ್ವಾಡೀ ಗಡಿಯಾರ ಇಳಿಸಿ ಒಂದು ತಾಸು ಮುಂದ ಮಾಡಿದೆ. ಇನ್ನ ಮ್ಯಾಲ ಯಾವಾಗ್ಲೂ ಒಂದು ತಾಸು ಕೈಯಾಗ ಇರಲಿ ಅಂತ. ಮಂದಿ ಯಾಕ ಅಂತ ಕೇಳಿದ್ರ ಬಾಸೆಲ್ ಅಂತೀನಿ. ಅದೂ ಸುಳ್ಳಲ್ಲ."

ನಾನು ಕೂತೆ. ಹೌದಲ್ಲ! ಬಾಸೆಲ್‌ನ ಹುಚ್ಚು ಮೊದಲಿನಿಂದಲೂ ಇತ್ತು. ಲೆಕ್ಕದಜ್ಜ, ಡಾಕ್ಟರ್ ಮಾಮಾ ಎಲ್ಲರೂ ನನ್ನ ಮದುವೆಗೂ ಮುಂಚಿನವರು. ಗಡಿಯಾರಗಳು ಮುಂದೆ ಹೋದದ್ದು ಮಾತ್ರ ಅತ್ತೆ ಹೋದ ಮೇಲೆ. ಇಷ್ಟು ವರ್ಷ ಅವರ ಮನೆಗೆ ತಡವಾಗಿ ಹೋಗಿ ಆರಿದ ಸಾರು ಉಂಡ ನನಗೆ ಇದು ಲೆಕ್ಕಕ್ಕೇ ಬಂದಿರಲಿಲ್ಲ.

ಉಪ್ಪಿಟ್ಟು ಎರಡನೆಯ ಸಲ ಬಂತು. ಬೀಗರಿಗೆ ನಾನು ಪಂಚಾಂಗ, ಅಕ್ಷಾಂಶ, ರೇಖಾಂಶ ಎಂದೆಲ್ಲ ಏನೇನೋ ಒದರಿದೆ. ಹತ್ತೂ ಮುಕ್ಕಾಲು ದಾಟಿದಾಗ ಧೂಳು ಹಿಡಿದ ಕಾರೊಂದು ಗೆರೆಗೆ ಅಡ್ಡವಾಗಿ ಬಂದು ನಿಂತಿತು. ಚಿಕ್ಕವನು ಒಂದು ಕೈಯಲ್ಲಿ ಶಲ್ಯ ಹಿಡಿದುಕೊಂಡು ಓಡಿ ಬಂದ. ಭಾವ ಅಷ್ಟರಲ್ಲಿ ಎದ್ದು ಒಳಗೆ ಸರಿದುಬಿಟ್ಟಿದ್ದರು. ಬಾಗಿಲಲ್ಲಿ ಅಕ್ಕನ ಮುಖ ಕಂಡದ್ದೇ ಅವನು ಕೇಳಿದ: "ಮುಗೀತಾ?"

"ಇಲ್ಲೋ. ಇನ್ನೂ ಶುರು ಆಗಿಲ್ಲ."

ಅವನು ಗೋಡೆಯ ಗಡಿಯಾರ ನೋಡಿದ. "ಕಾದ್ರಾ?"

"ಅಣ್ಣ ಕಾದ," ಎಂದಳು ನನ್ನ ಹೆಂಡತಿ. ಅಷ್ಟೇ ಹೇಳಿದಳು.

ಅವನು ಶಲ್ಯ ಹೊದ್ದುಕೊಂಡ. ಒಳಕೋಣೆಯ ಬಾಗಿಲಿಗೆ ಹೋಗಿ ನಿಂತ. ಭಾವ ಆಗಲೇ ಆ ಬದಿಗೆ ನಿಂತಿದ್ದರು. ಮಗಳು ಎದ್ದು ಬಂದು ಬಲಗೈಯನ್ನು ಒಬ್ಬರಿಗೆ ಕೊಟ್ಟಳು, ಎಡಗೈಯನ್ನು ಇನ್ನೊಬ್ಬರಿಗೆ ಕೊಟ್ಟಳು. ನಾದಸ್ವರದ ರೆಕಾರ್ಡು ಶುರುವಾಯಿತು. ಮೂವರೂ ನಡೆದು ಬಂದರು. ಅಣ್ಣ ಎಡಕ್ಕೆ ನೋಡಲಿಲ್ಲ, ತಮ್ಮ ಬಲಕ್ಕೆ ನೋಡಲಿಲ್ಲ. ಕರೆತಂದು ನಿಲ್ಲಿಸಿ ಹೊರಟೆ ಎಂದವನಲ್ಲವೇ ಇವನು? ಇನ್ನು ಹತ್ತು ಹೆಜ್ಜೆಗೆ ಅವನ ಕೆಲಸ ಮುಗಿಯಿತು!

ಮಂಟಪದ ಮುಂದೆ, ರಂಗೋಲಿಯ ಹಲಗೆಯ ಹತ್ತಿರ, ತಮ್ಮ ನಿಂತುಬಿಟ್ಟ. ಅವನು ನಿಂತದ್ದಕ್ಕೆ ಮಗಳು ನಿಂತಳು, ಅವಳು ನಿಂತದ್ದಕ್ಕೆ ಭಾವನೂ ನಿಂತರು. ಅಂತರಪಟ ಹಿಡಿದವರು ಏನಾಯಿತೆಂದು ಇಣುಕಿದರು. ಅವನು ಕಾಲ ಬಳಿಯ ಹಲಗೆಯನ್ನೇ ನೋಡುತ್ತಿದ್ದ.

"ಇದು ಚಕ್ಕಲಿ," ಎಂದ.

ಭಾವ ಬಗ್ಗಿ ನೋಡಿದರು. ಬೆಳಗಿನಿಂದ ಬಾಗಿಲು ಕಾಯುತ್ತಿದ್ದವರು ಅದನ್ನು ನೋಡಿಯೇ ಇರಲಿಲ್ಲ.

"ಹೌದಲ್ಲೋ," ಎಂದರು. "ನಾ ಶಂಖ ಹೇಳಿದ್ದೆ."

"ಆ ಕಲ್ಲುಕುಟಿಕನಿಂದ ಹಿಡದು ಯಾವ ಕಾಲಕ್ಕ ಸರಿ ತಗದಾರ ಇವರು, ಅಣ್ಣಾ?"

ಮದುವೆ ಮುಗಿಯಿತು. ತಾಳಿ ಸಿಕ್ಕಿತು, ಅಲಾರಾಂ ಹೊಡೆಯಲಿಲ್ಲ, ಆಲಿಕಲ್ಲು ಬೀಳಲಿಲ್ಲ, ಊಟದ ಎಲೆಯ ಮುಂದೆ ಇಬ್ಬರು ಸೋದರಮಾವಂದಿರೂ ಅಕ್ಕಪಕ್ಕ ಕೂತರು. ತಪ್ಪಿದ್ದು ಆ ಒಂದು ರಂಗೋಲಿ.